ಹೆಸರಿಗೆ ಬಿಟ್ಟ ಜಾಗ

"ಇದು ಸತ್ತಿದೆ," ಎಂದು ಶೋಭಿತಾ ಮೈಕನ್ನು ಕೌಂಟರಿನ ಮೇಲಿಟ್ಟಳು.

ಅಂಗಡಿಯವನು ತಲೆ ಎತ್ತಿದ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಆ ಅಂಗಡಿಯಲ್ಲಿ, ಮದುವೆ ನಾಮಕರಣಗಳಿಗೆ ಹೋಗಿ ಬಂದು ದಣಿದ ಸ್ಪೀಕರುಗಳು ಒಂದರ ಮೇಲೊಂದು ಕೂತಿದ್ದವು. ಅವುಗಳ ನಡುವೆ ಅವನಿಗೆ ಉಳಿದಿದ್ದದ್ದು ಒಂದು ಸ್ಟೂಲಿನಷ್ಟು ಜಾಗ.

"ನಮ್ಮಲ್ಲಿ ತಗೊಂಡಿದ್ದಲ್ಲ ಮೇಡಂ ಇದು. ವಾಪಸ್ ತಗಳಕಾಗಲ್ಲ."

"ವಾಪಸ್ ಕೊಡೋಕೆ ಬಂದಿಲ್ಲ. ಬದುಕಿಸಿಕೊಡಿ."

ಅವನ ಮೀಸೆಯ ಒಂದು ತುದಿ ನಕ್ಕಿತು. "ಇದನ್ನ ಯಾತಕ್ಕೆ ಸಿಗಿಸಿದ್ರಿ?"

ಅವಳು ಬ್ಯಾಗಿನಿಂದ ಅಂಗೈಗಿಂತ ತುಸು ದೊಡ್ಡದಾದ ಕೆಂಪು ಪೆಟ್ಟಿಗೆ ತೆಗೆದಳು. ಮುಂದೆ ಎರಡು ತಿರುಗಣೆ, ಒಂದು ಹೆಡ್‌ಫೋನ್ ತೂತು. ಆಡಿಯೊ ಇಂಟರ್‌ಫೇಸ್. ಮೈಕಿನ ದನಿಯನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸಿಕೊಡುವ ಪೆಟ್ಟಿಗೆ ಎಂದು ಅವಳು ಓದಿ ತಿಳಿದುಕೊಂಡಿದ್ದಳು. ಓದಿ ತಿಳಿದದ್ದೆಲ್ಲ ಅಲ್ಲಿಗೇ ನಿಂತಿತ್ತು.

ಅವನು ಪೆಟ್ಟಿಗೆಯನ್ನು ತನ್ನ ಕಂಪ್ಯೂಟರಿಗೆ ಸಿಗಿಸಿದ, ಮೈಕನ್ನು ಪೆಟ್ಟಿಗೆಗೆ ಸಿಗಿಸಿದ. ಮೂಲೆಯಲ್ಲಿದ್ದ ಸಣ್ಣದೊಂದು ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಹೆಡ್‌ಫೋನ್ ಅವಳ ಕಡೆ ಚಾಚಿದ.

ಅವಳು ಕಿವಿಗಿಟ್ಟುಕೊಂಡಳು. ಹೊರಗೆ ಕಂಡಕ್ಟರ್ "ಆಸ್ನ, ಆಸ್ನ" ಎಂದು ಕೂಗುತ್ತಿದ್ದುದು ಕಿವಿಯೊಳಗೇ ನಿಂತು ಕೂಗಿದ ಹಾಗೆ ಕೇಳಿಸಿತು. ಅದರ ಹಿಂದೆ ಟೀ ಲೋಟಗಳ ಸದ್ದು. ಎಲ್ಲಕ್ಕಿಂತ ಹತ್ತಿರದಲ್ಲಿ, ಮೈಕನ್ನು ಹಿಡಿದಿದ್ದವನ ಉಸಿರು. ಅವಳು ಹೆಡ್‌ಫೋನನ್ನು ಬೇಗನೆ ತೆಗೆದಳು.

"ಸತ್ತಿರ್ಲಿಲ್ಲ ಮೇಡಂ. ಇಂಥಾ ಮೈಕಿಗೆ ಕರೆಂಟು ಬೇಕು. ಕರೆಂಟು ಕೊಡ್ದೆ ಮಾತಾಡು ಅಂದ್ರೆ ಎಲ್ಲಿಂದ ಮಾತಾಡ್ತದೆ?"

"ನಿಮ್ಮ ಹೆಸರು?"

"ಹರ್ಷವರ್ಧನ್ ಅಂತ. ಎಲ್ರೂ ಅರ್ಸ ಅಂತಾರೆ."

"ಹರ್ಷವರ್ಧನ್ ಅವರೇ, ಭಾನುವಾರ ನಮ್ಮ ಮನೆಗೆ ಬರೋಕೆ ಆಗುತ್ತಾ? ಒಂದು ಸೋಬಾನೆ ಪದ ರೆಕಾರ್ಡ್ ಆಗಬೇಕು."

ಅವನು ಹೆಡ್‌ಫೋನಿನ ವೈರು ಸುತ್ತುವುದನ್ನು ಅರ್ಧಕ್ಕೇ ನಿಲ್ಲಿಸಿದ. ತನ್ನ ಹೆಸರನ್ನು ಇಡಿಯಾಗಿ, ಮೊದಲ ಅಕ್ಷರದ ಉಸಿರನ್ನೂ ಬಿಡದೆ ಹೇಳಿದ್ದನ್ನು ಕೇಳಿ ಅಭ್ಯಾಸವಿಲ್ಲದವನ ಹಾಗೆ.

"ಬತ್ತೀನಿ," ಅಂದ.

*

ಶೋಭಿತಾಳ ಚಿಕ್ಕಮ್ಮನ ಮಗಳು ಭಾನುಪ್ರಿಯಾಳ ಮದುವೆ ಅರಕಲಗೂಡಿನಲ್ಲಿ ಗೊತ್ತಾಗಿತ್ತು. ಗಂಡು ದುದ್ದದ ನಟರಾಜು. ಹಸೆಗೆ ಕರೆಯುವಾಗ ಅಜ್ಜಿಯ ಪದವೇ ಆಗಬೇಕು, ಅಕ್ಕನೇ ಹಾಡಬೇಕು ಎಂದು ಭಾನು ಹಟ ಹಿಡಿದಿದ್ದಳು. ಅಜ್ಜಿ ಮಾಯಮ್ಮನ ಗಂಟಲು ಬಿದ್ದುಹೋಗಿತ್ತು. ಆ ಪದ ಪೂರ್ತಿ ಬರುತ್ತಿದ್ದವಳು ಶೋಭಿತಾ ಒಬ್ಬಳೇ.

ಆದರೆ ಶೋಭಿತಾಳ ಗಂಡ ನಾಗೇಶ್ ತೀರಿಹೋಗಿ ಮೂರು ವರ್ಷವಾಗಿತ್ತು. ಹಸೆಯ ಪದವನ್ನು ಹಾಡುವವರು ಮುತ್ತೈದೆಯರು.

ಚಿಕ್ಕಮ್ಮ ಪ್ರೇಮಕುಮಾರಿ ಕೆಟ್ಟವಳಲ್ಲ. ಅಂಗನವಾಡಿ ಟೀಚರು, ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು. ಫೋನಿನಲ್ಲಿ ಅವಳ ದನಿ ತಡವರಿಸಿತ್ತು. "ನೀನು ಆಡ್ಬ್ಯಾಡ ಅಂತ ನಾನು ಏಳ್ತಿಲ್ಲ ಕಣವ್ವ. ಗಂಡಿನ ಕಡೇರು ಒಂದು ಮಾತಂದ್ರೆ ಭಾನು ಅದನ್ನ ಜೀವಮಾನ ಪೂರ್ತಿ ಕೇಳ್ಬೇಕಾಗ್ತದೆ."

ಶೋಭಿತಾ ವಾದಿಸಲಿಲ್ಲ. ನಾಗೇಶ್ ಹೋದ ಮೇಲೆ ವಾದಿಸುವುದನ್ನು ಬಿಟ್ಟಿದ್ದಳು. ಕಾಲೇಜಿಗೆ ಹೋಗಿ ಪಾಠ ಮಾಡುವುದು, ಬರುವುದು, ಅಜ್ಜಿಗೆ ಮುದ್ದೆ ತಿರುವುವುದು, ಮಲಗುವುದು. ನೋವು ಕೂಡ ಇಲ್ಲದಂತಿತ್ತು. ಆದರೆ ಅವತ್ತು ಫೋನಿಟ್ಟ ಮೇಲೆ, ಪದವನ್ನು ರೆಕಾರ್ಡ್ ಮಾಡಿ ಕೊಡುವುದೆಂದು ಮೈಕನ್ನೂ ಕೆಂಪು ಪೆಟ್ಟಿಗೆಯನ್ನೂ ತರಿಸಿದಳು. ಪೆನ್‌ಡ್ರೈವಿನ ಕೊರಳಲ್ಲಿ ತಾಳಿ ಇದೆಯೇ ಎಂದು ಯಾರೂ ನೋಡುವುದಿಲ್ಲ. ದನಿ ಹೋಗಲಿ, ತಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರಾಯಿತು. ಹಾಡಿದವರು ಯಾರು ಎಂದು ಭಾನುವಿಗೊಬ್ಬಳಿಗೆ ಗೊತ್ತಿದ್ದರೆ ಸಾಕು.

ಅಜ್ಜಿಗೆ ಹೇಳಿದಾಗ ಅಜ್ಜಿ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿತು. "ನಿಮ್ತಾತ ತೀರ್ಕಂಡ್ಮೇಲೆ ನಾನು ಬಾಗ್ಲಿಂದೆ ನಿಂತ್ಕಂಡು ಪದ ಎತ್ಕೊಡ್ತಿದ್ದೆ. ನನ್ ದನಿ ಒಸ್ಲು ದಾಟ್ನಿಲ್ಲ. ನಿಂದು ದಾಟ್ಲಿ ಕಣವ್ವ, ಡಬ್ಬಿಯೊಳಗೆ ಕೂತ್ಕಂಡಾದ್ರೂ ದಾಟ್ಲಿ."

*

ಭಾನುವಾರ ಹರ್ಷವರ್ಧನ್ ಬಂದಾಗ ಅವಳು ನಡುಕೋಣೆಯ ಗೋಡೆಗಳಿಗೆ ಕೌದಿಗಳನ್ನು ತೂಗುಹಾಕಿದ್ದಳು.

"ಇದ್ಯಾರು ಏಳ್ಕೊಟ್ರು?"

"ಓದಿದೆ. ಗೋಡೆಗೆ ಬಡಿದು ದನಿ ವಾಪಸ್ ಬರಬಾರದಂತೆ."

"ನಾನು ಥರ್ಮಕೋಲ್ ತಂದಿದ್ದೆ," ಎಂದು ಅವನು ಕೈಯಲ್ಲಿದ್ದ ಕಟ್ಟನ್ನು ಬೆನ್ನ ಹಿಂದೆ ಮರೆಮಾಡಿದ. "ಕೌದಿನೇ ವಾಸಿ."

ಲ್ಯಾಪ್‌ಟಾಪ್ ತೆರೆದಾಗ ಪರದೆಯ ಮೇಲೆ 'ನಾಗೇಶ್' ಎಂದು ಬಂತು. ಅವನು ಓದಿದ. ಏನೋ ಕೇಳಲು ಬಾಯಿ ತೆರೆದ.

"ನಮ್ಮ ಯಜಮಾನರು. ಈಗಿಲ್ಲ," ಎಂದು ಅವಳು ಪಾಸ್‌ವರ್ಡ್ ಒತ್ತಿದಳು. "ಮುಂದೇನು?"

ಮುಂದೆ ಏನೂ ಆಗಲಿಲ್ಲ. ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಪೆಟ್ಟಿಗೆ ಕಾಣಿಸಲೇ ಇಲ್ಲ. ಅವನು ವೈರು ಬದಲಾಯಿಸಿದ. ಇನ್ನೊಂದು ಯುಎಸ್‌ಬಿ ತೂತಿಗೆ ಸಿಗಿಸಿದ. ಪೆಟ್ಟಿಗೆಯ ಬೆನ್ನು ತಟ್ಟಿದ.

"ಏನ್ಲಾ, ಎಮ್ಮೆ ತಟ್ದಂಗೆ ತಟ್ತೀಯ," ಅಂದಿತು ಮೂಲೆಯಿಂದ ಅಜ್ಜಿ.

"ಕೆಲವು ಸಲ ಕೇಳ್ತದೆ ಅಜ್ಜಿ."

"ಆಲೂ ಕೊಡ್ತದಾ?"

ಶೋಭಿತಾ ಅಷ್ಟರಲ್ಲಿ ಪೆಟ್ಟಿಗೆಯ ಜೊತೆ ಬಂದಿದ್ದ ಕೈಪಿಡಿಯ ಸಣ್ಣಕ್ಷರದಲ್ಲಿ ಬೆರಳಿಟ್ಟಿದ್ದಳು. ಡ್ರೈವರ್ ಹಾಕಬೇಕು, ಆಮೇಲೆ ಸಾಫ್ಟ್‌ವೇರಿನ ಸೆಟ್ಟಿಂಗ್ಸಿನಲ್ಲಿ ಅದನ್ನೇ ಆರಿಸಬೇಕು. ಆರಿಸಿದಳು. ಮೊದಲನೆಯ ಇನ್‌ಪುಟ್. ಟ್ರ್ಯಾಕಿನ ಕೆಂಪು ಚುಕ್ಕಿ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎದ್ದು ಕುಣಿಯಿತು.

"ಹಲೋ," ಎಂದಳು ಮೈಕಿಗೆ. ಪಟ್ಟಿ ಕೆಂಪಿಗೆ ಹೋಗಿ ಬಡಿಯಿತು. ಹೆಡ್‌ಫೋನಿನಲ್ಲಿ ಬಿರುಗಾಳಿ.

"ನಿಮ್ಮ 'ಹ' ಜೋರಿದೆ," ಅವನು ಗೇನ್ ತಿರುಗಣೆ ಇಳಿಸುತ್ತ ನಕ್ಕ. "ಉಸ್ರು ನೇರ ಮೈಕಿಗೇ ಬಡೀತದೆ. ಒಂಚೂರು ಪಕ್ಕಕ್ಕೆ ತಿರುಗಿ."

ಅವಳು ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಅವನಿದ್ದ. ಇಬ್ಬರೂ ಹಸಿರು ಪಟ್ಟಿಯನ್ನು ನೋಡಿದರು. ಯಾರೂ ಮಾತಾಡುತ್ತಿರಲಿಲ್ಲ, ಆದರೂ ಪಟ್ಟಿ ಸಣ್ಣಗೆ ಏರಿ ಇಳಿಯುತ್ತಿತ್ತು. ಅದು ತನ್ನ ಉಸಿರು ಎಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನಿಗೆ ಮೊದಲೇ ಹೊಳೆದಿತ್ತೇನೋ. ಕಣ್ಣು ಬೇರೆ ಕಡೆ ತಿರುಗಿಸಿ, ಇಲ್ಲದ ವೈರೊಂದನ್ನು ಹುಡುಕತೊಡಗಿದ.

ಅವಳು ಪದ ಎತ್ತಿದಳು.

*ಆಲು ಉಕ್ಕಿದ ಒತ್ತು, ಅಟ್ಟಿ ಬೆಳಗಿದ ಒತ್ತು,*
*ಮಲ್ಲಿಗೆ ಮುಡಿದೋಳೆ, ಮೆಲ್ಲಗೆ ಬಾರವ್ವ...*

ಪಟ್ಟಿ ಹಸಿರಿನಲ್ಲೇ ನಿಂತಿತು.

"ಇದೇನು ಮೇಡಂ. ಮಾತಾಡುವಾಗ ಇರೋ 'ಹ' ಆಡುವಾಗ ಎಲ್ಲೋಯ್ತು?"

"ಪದ ಅಜ್ಜಿಯದು. ಅಜ್ಜಿಯ ಬಾಯಲ್ಲಿ 'ಹ' ಇಲ್ಲ."

"ಅದ್ಯಾಕ್ ಬೇಕು? ಸುಮ್ನೆ ಗಾಳಿ," ಅಂದಿತು ಅಜ್ಜಿ.

ಮತ್ತೆ ಹಾಡಿದಾಗ ಅವಳು ತಟ್ಟನೆ ನಿಲ್ಲಿಸಿದಳು. "ನನ್ನ ದನಿ ಎರಡು ಸಲ ಕೇಳ್ತಿದೆ. ಹಿಂದೆಯೇ ಇನ್ನೊಬ್ಬಳು ಹಾಡ್ತಿರೋ ಹಾಗೆ."

"ಪೆಟ್ಟಿಗೆಯಿಂದ ಒಂದ್ಸಲ ಬತ್ತದೆ, ಕಂಪ್ಯೂಟರು ಸುತ್ತಾಕ್ಕೊಂಡು ತಡವಾಗಿ ಇನ್ನೊಂದ್ಸಲ. ಒಂದನ್ನ ಆಫ್ ಮಾಡ್ಬೇಕು. ಯಾವ್ದು ಇರ್ಲಿ?"

"ತಡವಾಗದೆ ಬರೋದು."

*

ತೊಡಕು ಬಂದದ್ದು ಮೂರನೆಯ ಸಾಲಿನಲ್ಲಿ. ಅಲ್ಲಿ ಗಂಡಿನ ಹೆಸರು ಬರುತ್ತದೆ. 'ಇಂಥಾ ರಾಯ ಕಾದವ್ನೆ, ಸೋಬಾನವೆ.' ಪದದ ಅತ್ಯಂತ ಎತ್ತರದ ಜಾಗ ಅದೇ. ಪ್ರತಿ ಸುತ್ತಿನಲ್ಲೂ ಮತ್ತೆ ಅಲ್ಲಿಗೇ ಬರಬೇಕು.

ಅವಳು 'ನಟರಾಜ' ಎನ್ನುವಷ್ಟರಲ್ಲಿ ಅಜ್ಜಿ ನೆಲ ಬಡಿಯಿತು. "ಮದ್ವೆ ದಿವ್ಸಕ್ಕೆ ಮುಂಚೆ ಗಂಡಿನ ಎಸ್ರು ಪದಕ್ಕೆ ಇಡ್ಬಾರ್ದು."

"ಅಜ್ಜಿ, ಇದು ರೆಕಾರ್ಡಿಂಗು."

"ಏನಾದ್ರೂ ಆಗ್ಲಿ. ಎಸ್ರು ಎಂಜಲಾಗ್ತದೆ."

ಅಜ್ಜಿಯ ಮಾತನ್ನು ಮೀರಿ ಅಜ್ಜಿಯ ಪದವನ್ನು ಹಾಡುವುದು ಶೋಭಿತಾಳಿಂದ ಆಗದ ಕೆಲಸ. ಅವಳು ಹರ್ಷವರ್ಧನನ ಕಡೆ ನೋಡಿದಳು.

"ಅದಕ್ಕೊಂದು ದಾರಿ ಐತೆ," ಅವನು ತಲೆ ಕೆರೆದುಕೊಂಡ. "ಹೆಸರಿನ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ಈಗ ಆಡಿ. ಮದ್ವೆ ದಿನ ಬೆಳಿಗ್ಗೆ ಆ ಜಾಗಕ್ಕೆ ಮಾತ್ರ ಹೆಸರು ಆಡಿ ಕೂರಿಸ್ಬೋದು. ಆದ್ರೆ ಲೆಕ್ಕ ತಪ್ಪದಂಗೆ ಇರಕ್ಕೆ ಈಗ ಯಾವುದಾದ್ರೂ ಒಂದು ಹೆಸರು ಬೇಕು. ಆಮೇಲೆ ಅಳಿಸಿಬಿಡಣ."

"ನಾವು ಕಲಿಯುವಾಗ ಎತ್ತಿನ ಎಸ್ರು ಇಡ್ತಿದ್ದೋ," ಅಂದಿತು ಅಜ್ಜಿ. "ನುಗ್ಗೆಳ್ಳೀಲಿ ನಮ್ಮಪ್ಪನ ಎತ್ತು. ಕೆಂದ ಅಂತ."

ಶೋಭಿತಾ ಹಾಡಿದಳು. 'ಕೆಂದ ರಾಯ ಕಾದವ್ನೆ' ಎಂಬಲ್ಲಿ, ಹಸೆಯ ಪಕ್ಕ ಪೇಟ ಕಟ್ಟಿಕೊಂಡು ನಿಂತ ಎತ್ತು ಅವಳ ಕಣ್ಣಿಗೆ ಬಂತು. ನಗು ಬಂದುಬಿಟ್ಟಿತು. ಮೂರು ವರ್ಷ ಎಲ್ಲಿತ್ತೋ ಆ ನಗು, ಪಟ್ಟಿಯನ್ನು ಕೆಂಪಿನಾಚೆಗೆ ತಳ್ಳಿತು. ಮತ್ತೆ ಹಾಡಿದಳು, ಮತ್ತೆ ಅದೇ ಜಾಗದಲ್ಲಿ ನಕ್ಕಳು. ಹರ್ಷವರ್ಧನ್ ಮೌಸ್ ಬಿಟ್ಟು ಅವಳನ್ನೇ ನೋಡುತ್ತಿದ್ದ. ನೋಡುತ್ತಿದ್ದೇನೆಂಬುದು ಅವನಿಗೇ ಗೊತ್ತಿರಲಿಲ್ಲ.

"ಎತ್ತು ಬ್ಯಾಡ," ಅಂದ. "ನನ್ ಹೆಸ್ರು ಇಡಿ. ಅದು ಎಂಜಲಾದ್ರೂ ನಷ್ಟ ಇಲ್ಲ. ಚನ್ನರಾಯಪಟ್ಟಣದಲ್ಲಿ ಆರ್ಕೆಸ್ಟ್ರಾದಲ್ಲಿದ್ದೋನು ನಾನು. ಆರ್ಕೆಸ್ಟ್ರಾ ಹುಡುಗನಿಗೆ ಹೆಣ್ಣು ಕೊಡಲ್ಲ ಅಂತ ನಮ್ಮೂರು ಬಾಗೂರಿನಾಗೆ ಎಲ್ಲಾರೂ ತೀರ್ಮಾನ ಮಾಡವ್ರೆ."

ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಬೀಳದಿರಲೆಂದು ಅವನು ಅದನ್ನೆತ್ತಿಕೊಂಡು ಹೊರಗಿನ ಕೋಣೆಗೆ ಹೋದ. ಮೈಕಿನ ವೈರು ಬಾಗಿಲ ಸಂದಿಯಿಂದ ಹಾದು ಅವಳನ್ನೂ ಅವನನ್ನೂ ಸೇರಿಸಿತ್ತು. ಅವಳು ಬಾಗಿಲು ಮುಂದೆಮಾಡಿಕೊಂಡು, ಕೌದಿಗಳ ನಡುವೆ ಕಣ್ಣು ಮುಚ್ಚಿ ಹಾಡಿದಳು.

*ಅರ್ಸವರ್ದನ ರಾಯ ಕಾದವ್ನೆ, ಸೋಬಾನವೆ...*

ಅಂಗಡಿಯಲ್ಲಿ ಇಡಿಯಾಗಿ ಹೇಳಿದ ಹೆಸರು ಅಜ್ಜಿಯ ಪದದೊಳಗೆ ಹೋಗುತ್ತಲೇ ಮನೆಯವರದಾಗಿ ಬಂದಿತ್ತು. ಅವಳಿಗೇ ಅದು ಬೆಚ್ಚಗೆ ತಾಗಿತು. ಪದ ಮುಗಿಸಿ ಕಾದಳು. ಹೊರಗಿನಿಂದ 'ಓಕೆ' ಬರಲಿಲ್ಲ.

ಬಾಗಿಲು ತೆರೆದಳು. ಅವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಾಠ ಒಪ್ಪಿಸಲು ಕರೆದ ವಿದ್ಯಾರ್ಥಿಯ ಹಾಗೆ ಕೂತಿದ್ದ.

"ಸರಿ ಬಂತಾ?"

"ಬಂತು."

"ಇನ್ನೊಂದು ಸಲ ಹಾಡಲಾ?"

"ಬ್ಯಾಡ ಮೇಡಂ," ಅವನು ಪರದೆಯಿಂದ ಕಣ್ಣೆತ್ತಲಿಲ್ಲ. "ಒಂದೇ ಸಲಕ್ಕೆ ತಡ್ಕಳಕಾಗ್ತಿಲ್ಲ."

ಅವನ ಕಿವಿ ಕೆಂಪಾಗಿತ್ತು. ಹೆಡ್‌ಫೋನ್ ಬಿಗಿಯಾಗಿದ್ದಿರಬೇಕು ಎಂದುಕೊಂಡಳು. ಹೆಡ್‌ಫೋನ್ ಹಾಕಿಕೊಳ್ಳದ ತನ್ನ ಕೆನ್ನೆ ಯಾಕೆ ಬಿಸಿಯಾಗಿದೆ ಎಂದು ಕೇಳಿಕೊಳ್ಳಲಿಲ್ಲ.

ಅವನು ಹೋದ ಮೇಲೆ ಅಜ್ಜಿ ಕೌದಿ ಮಡಿಸುತ್ತ ಅಂದಿತು, "ಉಡುಗ ವಾಸಿ ಕಣವ್ವ. ನೀನು ಊಂ ಅಂದ್ರೆ ಸೀರೆ ಉಡಿಸ್ಕಂಡು ಕರ್ಕಂಡೋಗ್ಲಿ ಅಂತ ನಾನೇ ಮಾತಾಡ್ತೀನಿ."

ಅಜ್ಜಿಯ ಕಡೆ ಅದಕ್ಕೆ ಉಡಿಕೆ ಎನ್ನುತ್ತಿದ್ದರು. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಕೊಟ್ಟು ಕರೆದೊಯ್ಯಬಹುದು. ಹೊತ್ತು ಮುಳುಗಿದ ಮೇಲೆ, ಬಾಗಿಲು ಮುಂದೆಮಾಡಿ. ಹಸೆ ಇಲ್ಲ, ಓಲಗ ಇಲ್ಲ, ಪದ ಇಲ್ಲ.

"ಹಾಗೆ ನನಗೆ ಬೇಡ ಅಜ್ಜಿ," ಎಂದಳು ಶೋಭಿತಾ. ಬೇಡ ಎಂದದ್ದು ಯಾವುದನ್ನು ಎಂದು ಅಜ್ಜಿ ಕೇಳಲಿಲ್ಲ.

*

ಮದುವೆಯ ಬೆಳಿಗ್ಗೆ ಅರಕಲಗೂಡಿನ ಸಮುದಾಯ ಭವನದ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಮಧ್ಯೆ, ಬಾಳೆಲೆಯ ಕಟ್ಟಿನ ಮೇಲೆ ಕೆಂಪು ಪೆಟ್ಟಿಗೆ ಇಟ್ಟುಕೊಂಡು ಅವಳು ಹೆಸರಿನ ಜಾಗಗಳನ್ನು ತುಂಬಿದಳು. ನಟರಾಜ ರಾಯ ಕಾದವ್ನೆ. ಭವನದ ಸೌಂಡ್ ಸಿಸ್ಟಮ್ ಜವಾಬ್ದಾರಿ ಹರ್ಷವರ್ಧನನದೇ. ಹೊರಗೆ ಯಾರೋ ವೈರು ಎಳೆದರೆಂದು ಕೂಗು ಬಂತು. ಅವನು ಅವಸರದಲ್ಲಿ ಪೆನ್‌ಡ್ರೈವಿಗೆ ಫೈಲು ಹಾಕಿಕೊಂಡು ಓಡಿದ.

ಭಾನು ಹೊರಗೆ ಬಂದಳು. ಹೆಂಗಸರು ಸುತ್ತ ನಿಂತರು. ಶೋಭಿತಾ ಅಡುಗೆಮನೆಯ ಬಾಗಿಲಿಗೆ ಒರಗಿದಳು. ಸ್ಪೀಕರಿನಿಂದ ಅವಳ ದನಿ ಎದ್ದಿತು.

ಭವನದ ಮಾತು ಒಂದೊಂದಾಗಿ ಆರಿತು. ದುದ್ದದಿಂದ ಬಂದಿದ್ದ ಹೆಂಗಸರು ಕತ್ತು ಹೊರಳಿಸಿದರು. "ಯಾರವ್ವ ಆಡಿರೋರು? ಜೇನು ಸುರ್ದಂಗೈತೆ," ಎಂದು ಯಾರೋ ಅಂದದ್ದು ಕೇಳಿಸಿತು. ಚಿಕ್ಕಮ್ಮ ನೆಲ ನೋಡಿದಳು. ಶೋಭಿತಾಳಿಗೆ ತಾನು ಗೆದ್ದೆ ಅನ್ನಿಸಿತು. ಆಗ ಮೂರನೆಯ ಸಾಲು ಬಂತು.

*ಅರ್ಸವರ್ದನ ರಾಯ ಕಾದವ್ನೆ...*

ಹರ್ಷವರ್ಧನನ ಕೈ ಸೌಂಡ್ ಮಿಕ್ಸರಿನ ಮೇಲೆ ಬಿದ್ದಿತು. ಪದ ಕಡಿಯಿತು.

"ಯಾವೋನ್ಲಾ ಅವ್ನು ಅರ್ಸವರ್ದನ?" ಎಂದಿತು ಗಂಡಿನ ಕಡೆಯ ಮುದುಕಿಯೊಂದು. "ಗಂಡು ಬದ್ಲಾಯ್ಸಿಬುಟ್ರಾ?"

"ನಂಗೂ ಒಂದ್ನಿಮಿಷ ಡೌಟ್ ಬಂತು," ಎಂದ ಮಣೆಯ ಮೇಲೆ ಕೂತಿದ್ದ ನಟರಾಜು. ಅವನ ಗೆಳೆಯರು ನಕ್ಕರು. ಮುದುಕಿ ನಗಲಿಲ್ಲ. "ನಗೋ ಮಾತಲ್ಲ. ಎಣ್ಣು ಅಸೆಗೆ ಬರೋವಾಗ ಪದ ಕಡಿಬಾರ್ದು. ಮುಂದುಕ್ಕೆ ಆಡ್ರವ್ವ ಯಾರಾದ್ರೂ."

ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಸೋಬಾನವೆ' ಎನ್ನುವುದು ಎಲ್ಲರಿಗೂ ಬರುತ್ತಿತ್ತು. ಪದ ಯಾರಿಗೂ ಬರುತ್ತಿರಲಿಲ್ಲ. ಭಾನು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟವಳು ಅಲ್ಲೇ ನಿಂತಳು.

"ಅಕ್ಕ," ಎಂದು ಕರೆದಳು. ಜೋರಾಗಿ ಅಲ್ಲ.

ಶೋಭಿತಾ ಬಾಗಿಲಿನಿಂದ ಬೆನ್ನು ಬಿಡಿಸಿಕೊಂಡಳು. ಚಿಕ್ಕಮ್ಮ ಅವಳ ಮಣಿಕಟ್ಟು ಹಿಡಿದಳು. ಬರಿಯ ಮಣಿಕಟ್ಟು. ಶೋಭಿತಾ ಆ ಕೈಯನ್ನು ಕೊಡವಲಿಲ್ಲ, ನೋಡಿದಳಷ್ಟೆ. ಚಿಕ್ಕಮ್ಮನ ಬೆರಳುಗಳು ತಾವಾಗಿ ಸಡಿಲವಾದವು.

"ಓಗವ್ವ," ಎಂದಳು ಚಿಕ್ಕಮ್ಮ. "ಮಗು ನಿಂತದೆ."

ಅವಳು ಭವನದ ನಡುವಿನಿಂದ ನಡೆದು ಹೋಗಿ ಭಾನುವಿನ ಪಕ್ಕದಲ್ಲಿ ನಿಂತಳು. ಕಡಿದ ಜಾಗದಿಂದ ಎತ್ತಿಕೊಂಡಳು.

*ನಟರಾಜ ರಾಯ ಕಾದವ್ನೆ, ಸೋಬಾನವೆ.*

ಮೊದಲ 'ಸೋಬಾನವೆ'ಗೆ ಅವಳೊಬ್ಬಳೇ ಇದ್ದಳು. ಎರಡನೆಯದಕ್ಕೆ ಹಿಂದಿನಿಂದ ಒಡೆದ ಗಂಟಲೊಂದು ಸೇರಿತು, ಅಜ್ಜಿಯದು. ಮೂರನೆಯದಕ್ಕೆ ದುದ್ದದ ಮುದುಕಿ ಸೇರಿತು. ಭಾನು ಹಸೆಯ ಮೇಲೆ ಕೂತಾಗ ಹೆಂಗಸರೆಲ್ಲ ಹಾಡುತ್ತಿದ್ದರು. ಶೋಭಿತಾಳ ದನಿ ಎಲ್ಲಕ್ಕಿಂತ ಮುಂದಿತ್ತು.

*

ಊಟದ ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಅವನು ವೇದಿಕೆಯ ಪಕ್ಕ ಕೂತು ಮೊಳಕೈಗೆ ವೈರು ಸುತ್ತುತ್ತಿದ್ದ. ಅವಳು ಹೋಗಿ ಎದುರಿಗೆ ನಿಂತಳು. ಅವನು ಎದ್ದ.

"ತಪ್ಪಾಯ್ತು ಮೇಡಂ. ನಿಮ್ಮ ಹೆಸರು ಎಲ್ಲೂ ಬರಬಾರ್ದು ಅಂದಿದ್ರಿ. ನನ್ನಿಂದ ಎಲ್ರ ಮುಂದೆ..."

"ಅಳಿಸಿಬಿಡೋಣ ಅಂದಿದ್ರಲ್ಲ, ಆ ಹೆಸರನ್ನ?"

"ಅಂದಿದ್ದೆ."

"ಮರೆತ್ರಾ?"

ಅವನು ವೈರಿನ ಸುತ್ತುಗಳನ್ನು ನೋಡಿದ. ಸುಳ್ಳು ಹೇಳುವುದಿದ್ದರೆ ಅದೇ ಸಮಯ. "ಇಲ್ಲ. ಮದ್ವೆದು ಬೇರೆ ಫೈಲು ಮಾಡಿದ್ದೆ. ಹಳೇದು ನನಗೆ ಅಂತ ಇಟ್ಕಂಡಿದ್ದೆ. ಅಂಗಡೀಲಿ ಯಾರೂ ಇಲ್ದಾಗ ಕೇಳ್ತಿದ್ದೆ. ಗಾಬರೀಲಿ ಅದೇ ಬಂದ್ಬುಡ್ತು."

"ಎಷ್ಟು ಸಲ ಕೇಳಿದ್ರಿ?"

"ಕೆಂದ ಅಂತ ಆಡುವಾಗ ನೀವು ನಕ್ಕಿದ್ದೂ ಐತೆ ಅದ್ರ ಕೊನೇಗೆ," ಎಂದ, ಕೇಳಿದ್ದಕ್ಕೆ ಉತ್ತರ ಕೊಡದೆ. ಆಮೇಲೆ ತಲೆಯೆತ್ತಿ, ಅವಳ ಕಣ್ಣನ್ನು ಮೊದಲ ಸಲ ನೇರ ನೋಡುತ್ತ, "ನಿಮ್ಮನ್ನ ಕೇಳ್ದೆ ಇಟ್ಕಂಡಿದ್ದು ತಪ್ಪು. ಈಗ ಕೇಳ್ತಿದೀನಿ. ಇಟ್ಕಳ್ಳಾ?"

ಅವನು ಕೇಳಿದ್ದು ಫೈಲನ್ನಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಊಟದ ಮನೆಯಲ್ಲಿ ಪಾಯಸಕ್ಕೆ ಕೂಗುತ್ತಿದ್ದರು.

"ಅಜ್ಜಿ ನಿಮ್ಮ ಹತ್ರ ಮಾತಾಡ್ತೀನಿ ಅಂತಿದೆ," ಎಂದಳು. "ಹೊತ್ತು ಮುಳುಗಿದ ಮೇಲೆ ಬಂದು, ಒಂದು ಸೀರೆ ಕೊಟ್ಟು ಕರ್ಕೊಂಡು ಹೋಗಿ ಅನ್ನುತ್ತೆ. ನೀವು ಅದಕ್ಕೆ ಒಪ್ಪಬೇಡಿ."

ಅವನ ಕೈಯಲ್ಲಿದ್ದ ವೈರು ಜಾರಿತು. "ಸರಿ ಮೇಡಂ."

"ಪೂರ್ತಿ ಕೇಳಿಸ್ಕೊಳ್ಳಿ. ನಾನು ಬರಲ್ಲ ಅಂದಿಲ್ಲ. ಕದ್ದು ಬರಲ್ಲ ಅಂದೆ. ಹಗಲು ಹೊತ್ತು ಆಗಬೇಕು. ಹಸೆ ಹಾಕಬೇಕು. ಪದ ಆಗಬೇಕು."

ಅವನು ಉಸಿರನ್ನು ಒಳಗೇ ಹಿಡಿದುಕೊಂಡಿದ್ದ. "ಪದ ಯಾರು ಆಡೋರು? ಬರೋದು ನಿಮಗೊಬ್ರಿಗೇ."

"ನಾನೇ ಹಾಡ್ತೀನಿ."

"ಹೆಣ್ಣೇ ತನ್ನ ಹಸೆಗೆ ತಾನೇ ಆಡ್ಕಂಡು ಬಂದ್ರೆ ಜನ ಏನಂದಾರು?"

"ಅಂದ್ಕೊಳ್ಳಲಿ. ಅನ್ನೋಕೆ ಮುಂಚೆ ಕೇಳಿಸ್ಕೋಬೇಕಲ್ಲ."

ಹರ್ಷವರ್ಧನ್ ಬಗ್ಗಿ ಜಾರಿದ ವೈರನ್ನು ಎತ್ತಿಕೊಂಡ. ಮೀಸೆಯ ಎರಡೂ ತುದಿಗಳಿಗೆ ನಗು ಹಬ್ಬುವುದನ್ನು ಅವಳು ಪೂರ್ತಿ ನೋಡಿದಳು. ಈ ಸಲ ಅವನು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

"ಸ್ಪೀಕರು ಒಳಗಿಡಿಸ್ಲಾ, ಹೊರಗಿಡಿಸ್ಲಾ?" ಎಂದು ಕೇಳಿದ.

"ಬೀದಿಗೆ ಮುಖ ಮಾಡಿಸಿ," ಎಂದಳು ಶೋಭಿತಾ.